ಗುಡ್ಡದ ಭೂತ ಮತ್ತೆ ನೋಡಿದ್ವಿ. ನಮ್ಮೂರ ಪತ್ತೇದಾರ ಎಲ್ಲಿ?

ಪತ್ತೇದಾರಿ ಧಾರಾವಾಹೀನ ಎರಡನೇ ಸಲ ನೋಡೋರನ್ನ ಕಂಡರೆ ಜನಕ್ಕೆ ಒಂಥರಾ ಅನುಮಾನ. ಕೊಲೆ ಮಾಡಿದವ ಯಾರು ಅಂತ ಗೊತ್ತು, ಹೇಗೆ ಮಾಡಿದ ಅಂತಾನೂ ಗೊತ್ತು, ಇನ್ನೇನಿದೆ ಅದರಲ್ಲಿ ಅಂತಾರೆ. ಬಿಡಿಸಿದ ಪದಬಂಧವನ್ನ ರಬ್ಬರಿಂದ ಅಳಿಸಿ ಮತ್ತೆ ಬಿಡಿಸಿದ ಹಾಗೆ ಅನ್ನೋದು ನಮ್ಮ ಮನೆಯವಳ ಅಭಿಪ್ರಾಯ. ನನ್ನದು ಪೂರಾ ಉಲ್ಟಾ. ಮೊದಲ ಸಲ ನೋಡುವಾಗ ನಮಗೆ ಎಂಥಾ ಅವಸರ ಅಂದ್ರೆ, ಯಾರು, ಯಾರು, ಯಾರು ಅಂತ ಓಡ್ತಾ ಇರ್ತೀವಿ. ದಾರೀಲಿ ಏನಿತ್ತು ಅಂತ ಯಾರೂ ನೋಡಿರಲ್ಲ. ಉತ್ತರ ಗೊತ್ತಾದ ಮೇಲೂ ಕೂತು ನೋಡಿಸ್ಕೊಳ್ಳೋ ತಾಕತ್ತು ಇದ್ರೆ ಅದು ಒಳ್ಳೆ ಪತ್ತೇದಾರಿ ಕಥೆ. ಇಲ್ಲಾಂದ್ರೆ ಅದೊಂದು ಒಗಟು ಅಷ್ಟೇ. ಒಗಟಿನ ಉತ್ತರ ಹೇಳಿದ ಮೇಲೆ ಮುಗೀತು.

ಇದನ್ನ ಬರೀಲಿಕ್ಕೆ ಕಾರಣ ನಮ್ಮ ಶನಿವಾರದ ಕೂಟ. ಕಲಬುರಗಿಯಲ್ಲಿ ನನ್ನ ಬಾಡಿಗೆ ಮನೆಯ ಮಾಳಿಗೆ ಮೇಲೆ ನಾಲ್ಕು ಜನ ಸೇರ್ತೀವಿ. ನಾನು (ಮೂಲ ಕಮಲಾಪುರ, ಹುಮನಾಬಾದ್ ರಸ್ತೆಯಲ್ಲಿ ಒಂದು ತಾಸಿನ ದಾರಿ, ಕೆಂಪು ಬಾಳೆಹಣ್ಣಿನ ಊರು ಅಂದ್ರೆ ಗೊತ್ತಾಗಬಹುದು). ಬ್ಯಾಂಕಿನಲ್ಲಿ ಕೆಲಸ ಮಾಡೋ ಒಬ್ಬ ದೋಸ್ತ್, ಕರಾವಳಿಯವರು. ನಮ್ಮ ಕಡೆ ಯಾವ ಬ್ಯಾಂಕಿಗೆ ಹೋದರೂ ಕೌಂಟರ್ ಹಿಂದೆ ಒಬ್ಬರು ಮಂಗಳೂರು ಕಡೆಯವರು ಇದ್ದೇ ಇರ್ತಾರೆ ಅನ್ನೋ ಮಾತಿಗೆ ಇವರೇ ಸಾಕ್ಷಿ. ಮೂರನೆಯವ ದರ್ಗಾ ಕಡೆಯ ನನ್ನ ಹಳೇ ಸಹಪಾಠಿ, ಕೋರ್ಟಿನ ಹತ್ತಿರ ಟೈಪಿಂಗ್ ಅಂಗಡಿ ಇಟ್ಟಾನೆ, ಅಫಿಡವಿಟ್ ಬಡಿದು ಬಡಿದು ಯಾರು ಸುಳ್ಳು ಹೇಳ್ತಾರೆ ಅಂತ ಮುಖ ನೋಡಿದ್ರೆ ಗೊತ್ತಾಗುತ್ತೆ ಅಂತಾನೆ. ನಾಲ್ಕನೆಯವ ನಮ್ಮಕ್ಕನ ಮಗ, ಎಂಜಿನಿಯರಿಂಗ್ ಓದ್ತಾನೆ. ಮಿರ್ಚಿ ಭಜಿ, ಚೂಡಾ, ಚಾ. ಹಿಂದಿನ ಕಾಲದ ಪತ್ತೇದಾರಿ ಧಾರಾವಾಹಿಗಳನ್ನ ಒಂದೊಂದಾಗಿ ಹಾಕ್ಕೊಂಡು ನೋಡೋದು, ಆಮೇಲೆ ಜಗಳ ಮಾಡೋದು. ಜಗಳವೇ ಮುಖ್ಯ.

ಈ ಸಲ ಹಾಕಿದ್ದು ‘ಗುಡ್ಡದ ಭೂತ’.

ನಲವತ್ತು ದಾಟಿದವರಿಗೆ ಹೆಸರು ಕೇಳಿದ್ರೇ ಬೆನ್ನಲ್ಲಿ ಚಳಿ ಹತ್ತಿರಬೇಕು. ಸದಾನಂದ ಸುವರ್ಣ ನಿರ್ದೇಶನ ಮಾಡಿದ್ದು, 1990ರ ದಶಕದ ಶುರುವಿನಲ್ಲಿ ದೂರದರ್ಶನದಲ್ಲಿ ಬಂದದ್ದು, ಹದಿಮೂರೇ ಕಂತು. ಹದಿಮೂರು! ಈಗಿನ ಧಾರಾವಾಹಿಗಳಲ್ಲಿ ಹದಿಮೂರು ಕಂತಿನಲ್ಲಿ ಸೊಸೆ ಕಾಫಿ ಲೋಟ ಕೆಳಗಿಟ್ಟಿರಲ್ಲ. ಸುವರ್ಣರು ಮುಂಬೈ ಕನ್ನಡ ರಂಗಭೂಮಿಯಲ್ಲಿ ಬೆಳೆದವರು. 1977ರ ‘ಘಟಶ್ರಾದ್ಧ’ದ ನಿರ್ಮಾಪಕರು ಅಂದ್ರೆ ನಮ್ಮ ಅಳಿಯನಂಥವರಿಗೆ ತೂಕ ಗೊತ್ತಾಗಬಹುದು. 2024ರಲ್ಲಿ ತೀರಿಕೊಂಡರು. ಧಾರಾವಾಹಿಯಲ್ಲಿ ಇನ್ನೂ ಪ್ರಕಾಶ್ ರಾಜ್ ಆಗಿರದ ಪ್ರಕಾಶ್ ರೈ ಇದ್ದಾರೆ, ತೆಳ್ಳಗೆ, ಎಳೇ ಮುಖ. ಮತ್ತೆ ಆ ‘ದೆನ್ನಾನಾ’ ಹಾಡು. 2015ರಲ್ಲಿ ‘ರಂಗಿತರಂಗ’ ಅದೇ ಹಾಡನ್ನ ತಗೊಂಡಾಗ ಥಿಯೇಟರ್‌ನಲ್ಲಿ ಹುಡುಗರು ಸುಮ್ಮನೆ ಕೂತಿದ್ದರು, ನನ್ನ ವಯಸ್ಸಿನವರೆಲ್ಲ ಕುರ್ಚಿಯಲ್ಲಿ ಅಲ್ಲಾಡಿದ್ವಿ.

ಕಥೆ ಹೇಳಲ್ಲ. ನೋಡದವರ ಖುಷಿಗೆ ನಾನ್ಯಾಕೆ ಕಲ್ಲು ಹಾಕಲಿ. ನಮ್ಮ ಕೂಟದಲ್ಲೂ ಇದೇ ಮೊದಲ ಜಗಳ. ಅಳಿಯ ಬಾಗಿಲಲ್ಲೇ ಕೈ ಮುಗಿದ, “ಮಾಮಾ, ನಾ ನೋಡಿಲ್ಲ, ಎಂಡ್ ಹೇಳ್ಬ್ಯಾಡ್ರಿ”. ಟೈಪಿಂಗ್ ದೋಸ್ತ್‌ಗೆ ಬಾಯಿ ತಡಿಯಲ್ಲ. ಕೊನೆಗೆ ಒಪ್ಪಂದ ಆಯ್ತು. ಹೇಳಬಾರದು, ಆದ್ರೆ ಅಳಿಯ ಒಂದೂವರೆ ಪಟ್ಟು ಸ್ಪೀಡಲ್ಲಿ ಓಡಿಸಬಾರದು. ಈಗಿನ ಹುಡುಗರ ದೊಡ್ಡ ರೋಗ ಇದು. ಆ ಕಾಲದ ಧಾರಾವಾಹಿಯಲ್ಲಿ ಒಬ್ಬ ಮನುಷ್ಯ ಗುಡ್ಡದ ಕಡೆ ನಡೆದು ಹೋಗ್ತಾನೆ ಅಂದ್ರೆ ನಡೆದೇ ಹೋಗ್ತಾನೆ. ಅಷ್ಟು ಹೊತ್ತು ನಮ್ಮ ತಲೆಯಲ್ಲಿ ಹೆದರಿಕೆ ಬೇಯಬೇಕು. ಸ್ಪೀಡ್ ಹೆಚ್ಚಿಸಿದ್ರೆ ಹೆದರಿಕೆ ಹಸೀನೇ ಉಳಿಯುತ್ತೆ.

ಖರೆ ಹೇಳ್ಬೇಕಂದ್ರೆ ನಮ್ಮಲ್ಲಿ ಯಾರೂ ಅದನ್ನ ‘ಎರಡನೇ ಸಲ’ ನೋಡ್ತಾ ಇರಲಿಲ್ಲ. ಮೊದಲ ಸಲವೇ ಯಾರು ಪೂರ್ತಿ ನೋಡಿದ್ದರು? ಕಮಲಾಪುರದಲ್ಲಿ ನಮ್ಮ ಓಣಿಗೆ ಎರಡು ಟಿವಿ. ಒಂದು ಕಂತಿಗೆ ಕರೆಂಟ್ ಹೋಗಿದೆ, ಇನ್ನೊಂದಕ್ಕೆ ಗಾಳಿಗೆ ಅಂಟೆನಾ ತಿರುಗಿದೆ, ಮಗದೊಂದಕ್ಕೆ ಟಿವಿ ಇದ್ದ ಮನೆಯವರು ಊರಿಗೆ ಹೋಗಿದ್ದಾರೆ. ಮರುದಿನ ಶಾಲೆ ಹಿಂದೆ ಸೇರಿ, ನೋಡಿದವರು ನೋಡದವರಿಗೆ ಹೇಳೋದು. ಹೇಳುವವ ತನಗೆ ಬೇಕಾದ್ದು ಸೇರಿಸ್ತಿದ್ದ. ನನಗೆ ನೆನಪಿದ್ದ ಒಂದು ದೃಶ್ಯ, ಭೂತದ ಕೈಯಲ್ಲಿ ಕಂದೀಲು ಹಿಡಿದು ಬಾವಿಯಿಂದ ಮೇಲೆ ಬರೋದು, ಈಗ ಹದಿಮೂರೂ ಕಂತು ನೋಡಿದ್ರೂ ಎಲ್ಲೂ ಇಲ್ಲ. ಅದು ಸುವರ್ಣರ ದೃಶ್ಯ ಅಲ್ಲ, ನಮ್ಮ ಕ್ಲಾಸಿನ ಒಬ್ಬ ಹುಡುಗನ ಕರಾಮತ್ತು! ಹಾಗಾಗಿ ಪತ್ತೇದಾರಿ ಧಾರಾವಾಹಿಯನ್ನ ಒಬ್ಬೊಬ್ಬರೇ ಮೊಬೈಲಲ್ಲಿ ನೋಡೋದು ನನಗೆ ಸರಿ ಅನ್ಸಲ್ಲ. ಅದು ಮೂಲದಲ್ಲೇ ನಾಲ್ಕು ಮಂದಿ ಸೇರಿ ಕಟ್ಟೋ ಕಥೆ.

(ನಡುವೆ ಒಂದು ಮಾತು. ಟಿವಿ ವಿಷಯದಲ್ಲಿ ನಮ್ಮ ಜಿಲ್ಲೆ ಹಿಂದುಳಿದದ್ದು ಅಂತ ತಿಳ್ಕೋಬೇಡಿ. ಬೆಂಗಳೂರಿನವರು ಟಿವಿ ಮುಖ ನೋಡೋ ಮುಂಚೆ ನಮ್ಮ ಹಳ್ಳಿಗಳವರು ನೋಡಿದ್ದಾರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ಅಮೆರಿಕದ ಎಟಿಎಸ್-6 ಉಪಗ್ರಹದಿಂದ ಆರು ರಾಜ್ಯಗಳ 2400 ಹಳ್ಳಿಗಳಿಗೆ ನೇರವಾಗಿ ಟಿವಿ ಕಾರ್ಯಕ್ರಮ ಕಳಿಸಿದ ‘ಸೈಟ್’ ಪ್ರಯೋಗದಲ್ಲಿ ಕರ್ನಾಟಕದಿಂದ ಆರಿಸಿದ್ದು ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳನ್ನ. ಕೋಳಿ ಗೂಡಿನ ಜಾಳಿಗೆಯಂಥ ತಂತಿಬಲೆಯ ದೊಡ್ಡ ಛತ್ರಿ, ಕೆಳಗೆ ಇಡೀ ಊರು. ಆಮೇಲೆ 1977ರಲ್ಲಿ ಗುಲಬರ್ಗಾದಲ್ಲಿ ದೂರದರ್ಶನದ ಪ್ರಸಾರ ಕೇಂದ್ರ ಬಂತು. ಬೆಂಗಳೂರಿಗೆ ಬಂದದ್ದು 1981ರಲ್ಲಿ. 2021ರಲ್ಲಿ ಹಳೇ ಟ್ರಾನ್ಸ್‌ಮಿಟರ್‌ಗಳನ್ನ ದೇಶದಾದ್ಯಂತ ಬಂದ್ ಮಾಡುವಾಗ ಕಲಬುರಗಿ ಕೇಂದ್ರವೇ ಮುಚ್ಚುತ್ತೆ ಅಂತ ಸುದ್ದಿಯಾಗಿ, ಇಲ್ಲ, ಕಾರ್ಯಕ್ರಮ ತಯಾರಿ ಮುಂದುವರಿಯುತ್ತೆ ಅಂತ ಪ್ರಸಾರ ಭಾರತಿ ಸ್ಪಷ್ಟನೆ ಕೊಟ್ಟಿತ್ತು. ಈ ಹಳೇ ಪುರಾಣ ಯಾಕೆ ಹೇಳ್ದೆ ಅಂತ ಮುಂದೆ ಗೊತ್ತಾಗುತ್ತೆ.)

ಮೂರನೇ ಶನಿವಾರ ಬ್ಯಾಂಕ್ ದೋಸ್ತ್ ಒಂದು ಮಾತು ಹೇಳಿದರು. ನಾನು ಸುಮ್ಮನೆ “ಆ ದೆವ್ವದ ವೇಷ ಈಗ ನೋಡಿದ್ರ ನಗು ಬರ್ತದ ಬಿಡ್ರಿ” ಅಂದೆ. ಅವರು ಭಜಿ ಕೆಳಗಿಟ್ಟರು.

“ಎಂತ ದೆವ್ವ ಮಾರಾಯ್ರೆ? ಹೆಸರು ಓದಿದ್ರಾ ನೀವು? ಭೂತ ಅಂತ ಉಂಟು, ದೆವ್ವ ಅಂತ ಇಲ್ಲ.”

“ಎರಡೂ ಒಂದೇ ಅಲ್ಲೇನ್ರಿ?”

“ನಿಮಗೆ ಒಂದೇ. ನಮಗೆ ಭೂತ ಅಂದ್ರೆ ದೈವ. ನಮ್ಮ ಮನೆಯಲ್ಲಿ ವರ್ಷಕ್ಕೊಮ್ಮೆ ಅದಕ್ಕೆ ಕೋಲ ಕೊಡ್ತೇವೆ. ಜಮೀನಿನ ಜಗಳ ಇದ್ರೆ ಅದರ ಎದುರು ನಿಂತು ನ್ಯಾಯ ಕೇಳ್ತೇವೆ. ಅದರ ಎದುರು ಸುಳ್ಳು ಹೇಳಲಿಕ್ಕೆ ನಮ್ಮಜ್ಜ ಹೆದರ್ತಿದ್ದರು, ಕೋರ್ಟಿಗೆ ಹೆದರ್ತಿರಲಿಲ್ಲ.”

ಟೈಪಿಂಗ್ ದೋಸ್ತ್ ಅದಕ್ಕೆ ತಲೆ ಆಡಿಸಿದ, ಕೋರ್ಟಿಗೆ ಯಾರು ಹೆದರ್ತಾರೆ ಅಂತ ಅವನಿಗಿಂತ ಚೆನ್ನಾಗಿ ಗೊತ್ತಿದ್ದವರಿಲ್ಲ.

ಮೂವತ್ತು ವರ್ಷದಿಂದ ನಾನು ಆ ಹೆಸರನ್ನ ತಲೆಯಲ್ಲಿ ಇಟ್ಕೊಂಡಿದ್ದೀನಿ, ಅದರ ಅರ್ಧ ಅರ್ಥವನ್ನ ಮಾತ್ರ. ನಮ್ಮ ಕಡೆ ಭೂತ ಅಂದ್ರೆ ಬಡಕೊಳ್ಳೋದು. ಮೈಯಲ್ಲಿ ಗಾಳಿ ಸೇರ್ಕೊಂಡಿದೆ ಅಂದ್ರೆ ಗಾಣಗಾಪುರದ ದತ್ತನ ಗುಡಿಗೆ ಕರ್ಕೊಂಡು ಹೋಗ್ತಾರೆ, ಅಲ್ಲಿ ಕಂಬ ಹಿಡಿದು ಚೀರೋರನ್ನ ನಾನೇ ನೋಡೀನಿ. ನಮ್ಮಲ್ಲಿ ಭೂತ ಬಿಡಿಸಬೇಕಾದ್ದು, ಅವರಲ್ಲಿ ಭೂತ ಕರೆಸಬೇಕಾದ್ದು. ಹಾಗಾದ್ರೆ ‘ಗುಡ್ಡದ ಭೂತ’ ಅನ್ನೋ ಎರಡು ಪದ ಅವರ ಕಿವಿಗೆ ಬಿದ್ದಾಗ ಹೆದರಿಕೆಯ ಜತೆಗೆ ಒಂದು ಭಕ್ತಿ, ಒಂದು ಸಂಕೋಚ ಇರುತ್ತೆ. ಗುಡ್ಡದ ಮೇಲೆ ಏನೋ ಇದೆ ಅಂತ ಊರವರು ಅಂದಾಗ, ‘ಹೋಗಿ ನೋಡೇ ಬಿಡೋಣ’ ಅನ್ನೋದು ನಮಗೆ ಬರೀ ಧೈರ್ಯದ ಪ್ರಶ್ನೆ. ಅವರಿಗೆ ಅದು ಮರ್ಯಾದೆಯ ಪ್ರಶ್ನೆಯೂ ಹೌದು. ಪತ್ತೇದಾರಿ ಕಥೆಯಲ್ಲಿ ಯಾರು ಯಾಕೆ ಬಾಯಿ ಮುಚ್ಕೊಂಡಿದ್ದಾರೆ ಅನ್ನೋದಕ್ಕಿಂತ ದೊಡ್ಡ ಸುಳಿವಿಲ್ಲ. ಆ ಊರವರ ಮೌನ ನನಗೆ ಅರ್ಥ ಆದದ್ದು ಈಗ.

2022ರಲ್ಲಿ ‘ಕಾಂತಾರ’ ಬಂದ ಮೇಲೆ ಕಲಬುರಗಿಯ ಆಟೋದಲ್ಲೂ ಪಂಜುರ್ಲಿ ಸ್ಟಿಕರ್ ಬಂದಿದೆ, ‘ದೈವ’ ಅಂದ್ರೆ ಏನು ಅಂತ ಅಳಿಯನೇ ನನಗೆ ಪಾಠ ಮಾಡ್ತಾನೆ. ಆದ್ರೆ 1990ರ ಸುಮಾರಿಗೆ ಅದನ್ನ ವಿವರಿಸಿ ಹೇಳೋ ಗೋಜಿಗೆ ಸುವರ್ಣರು ಹೋಗಿಲ್ಲ ಅನ್ನೋದು ನನಗೆ ಭಾಳ ಹಿಡಿಸ್ತು. ಬೇರೆ ಕಡೆಯವರಿಗೆ ತಿಳೀಲಿ ಅಂತ ಊರನ್ನ ತೆಳ್ಳಗೆ ಮಾಡಿಲ್ಲ. ಮೂಲದಲ್ಲಿ ಅದೊಂದು ತುಳು ನಾಟಕ, ಆ ಮಣ್ಣಿನ ವಾಸನೆ ಹಾಗೇ ಉಳಿಸಿಕೊಂಡೇ ಕನ್ನಡಕ್ಕೆ ಬಂತು. ನಮಗೆ ಅರ್ಧ ತಿಳೀತು, ಅರ್ಧ ತಿಳೀಲಿಲ್ಲ, ಆದರೂ ಇಡೀ ರಾಜ್ಯ ಕೂತು ನೋಡ್ತು. ಕಮಲಾಪುರದಲ್ಲಿ ನಮ್ಮವ್ವ “ಇವ್ರು ಯಾವ್ ಕನ್ನಡ ಮಾತಾಡ್ತಾರೋ ಏನೋ” ಅಂತ ಗೊಣಗ್ತಾ, ಒಂದು ಕಂತೂ ಬಿಡದೆ ನೋಡಿದ್ದಳು (ಕರೆಂಟ್ ಇದ್ದಾಗ).

ನಮ್ಮವ್ವನಿಗೆ ಆ ಕನ್ನಡಕ್ಕಿಂತ ಬ್ಯೋಮಕೇಶ್ ಬಕ್ಷಿಯ ಹಿಂದಿ ಸಲೀಸಾಗಿತ್ತು! ತಮಾಷೆ ಅಲ್ಲ. ನಮ್ಮ ಕಡೆ ಸಂತೆಗೆ ಹೋದ್ರೂ ದಖನಿ ಕಿವಿಗೆ ಬೀಳುತ್ತೆ. ಶಾಲೆಗೆ ಹೋಗದವರಿಗೂ ಹಿಂದಿ ಅರ್ಥ ಆಗುತ್ತೆ. 1993ರಲ್ಲಿ ಬಾಸು ಚಟರ್ಜಿ ಮಾಡಿದ ಆ ಧಾರಾವಾಹೀನ 2020ರ ಲಾಕ್‌ಡೌನ್‌ನಲ್ಲಿ, ಮಾರ್ಚ್ 28ರಿಂದ, ದೂರದರ್ಶನ ಮತ್ತೆ ಹಾಕ್ತು. ನಾನು ಕಮಲಾಪುರದಲ್ಲೇ ಸಿಕ್ಕಾಕೊಂಡಿದ್ದೆ. ಅವ್ವ, ನಾನು, ಬೆಳಗ್ಗೆ ಕೂತು ನೋಡ್ತಿದ್ವಿ. ಹೊರಗೆ ರಸ್ತೆಯಲ್ಲಿ ನರಪಿಳ್ಳೆ ಇಲ್ಲ, ಒಳಗೆ ಹಳೇ ಕಲ್ಕತ್ತಾದಲ್ಲಿ ಧೋತರ ಉಟ್ಟ ರಜಿತ್ ಕಪೂರ್ ಶಾಂತವಾಗಿ ಸಿಗರೇಟು ಸೇದ್ತಾ ಕೂತಿದ್ದಾನೆ.

ಎರಡನೇ ಸಲ ನೋಡೋದರ ಬಗ್ಗೆ ನನ್ನ ವಾದಕ್ಕೆ ಇದಕ್ಕಿಂತ ಒಳ್ಳೆ ಉದಾಹರಣೆ ಇಲ್ಲ. (ಬ್ಯೋಮಕೇಶನನ್ನ ಇನ್ನೂ ನೋಡದವರು ಈ ಪ್ಯಾರಾ ಹಾರಿಸಿಬಿಡಿ.) ಮೊದಲ ಕಂತು ‘ಸತ್ಯಾನ್ವೇಷಿ’ಯಲ್ಲಿ ಅಜಿತ್ ಇರೋ ಮೆಸ್ಸಿನ ಮಾಲೀಕ ಒಬ್ಬ ಹೋಮಿಯೋಪತಿ ಡಾಕ್ಟರ್. ಎಂಥಾ ಸಜ್ಜನ! ಬಡವರಿಗೆ ಔಷಧಿ, ಎಲ್ಲರಿಗೂ ಒಳ್ಳೆ ಮಾತು. ಮೊದಲ ಸಲ ನಾವು ಅವನ ಕಡೆ ನೋಡೋದೇ ಇಲ್ಲ, ಹೊಸದಾಗಿ ರೂಮಿಗೆ ಬಂದ ಅಪರಿಚಿತನನ್ನ ಸಂಶಯದಿಂದ ನೋಡ್ತೀವಿ. ಎರಡನೇ ಸಲ ಆ ಅಪರಿಚಿತನೇ ಬ್ಯೋಮಕೇಶ ಅಂತ ಗೊತ್ತು, ಆ ಔಷಧಿ ಪೊಟ್ಟಣಗಳ ಹಿಂದೆ ಕೊಕೇನ್ ವ್ಯಾಪಾರ ಇದೆ ಅಂತಾನೂ ಗೊತ್ತು. ಈಗ ಡಾಕ್ಟರನ ಒಂದೊಂದು ಒಳ್ಳೆ ಮಾತೂ ಮೈ ಜುಮ್ ಅನ್ಸುತ್ತೆ. ಮೊದಲ ಸಲ ಇದ್ದದ್ದು ಕುತೂಹಲ, ಎರಡನೇ ಸಲ ನಿಜವಾದ ಹೆದರಿಕೆ. ‘ರಾಸ್ತೇ ಕಾ ಕಾಂಟಾ’ದಲ್ಲಂತೂ ಗ್ರಾಮೋಫೋನ್ ಪಿನ್ನು ಎಲ್ಲಿಂದ ಹಾರಿ ಬರುತ್ತೆ ಅಂತ ಒಮ್ಮೆ ಗೊತ್ತಾದ ಮೇಲೆ ಸೈಕಲ್ ಬೆಲ್ ಕೇಳಿದಾಗೆಲ್ಲ ಅವ್ವ ಸೆರಗು ಬಿಗಿ ಹಿಡೀತಿದ್ದಳು.

ಇನ್ನೊಂದು ವಿಷಯ ನನ್ನ ತಲೆಯಲ್ಲಿ ಆಗಿಂದ ಕೊರೀತಾ ಇದೆ. ಬ್ಯೋಮಕೇಶ ತನ್ನನ್ನ ಡಿಟೆಕ್ಟಿವ್ ಅಂತ ಕರ್ಕೊಳ್ಳಲ್ಲ, ಸತ್ಯಾನ್ವೇಷಿ ಅಂತಾನೆ. ಕೋಟು ಹ್ಯಾಟು ಇಲ್ಲ, ಪೈಪ್ ಇಲ್ಲ. ಶರದಿಂದು ಬಂದ್ಯೋಪಾಧ್ಯಾಯರು 1932ರಲ್ಲೇ, ಬ್ರಿಟಿಷರ ಕಾಲದಲ್ಲೇ, ಅತೀ ಬುದ್ಧಿವಂತ ಅಂದ್ರೆ ನಮ್ಮ ಹಾಗೆ ಧೋತರ ಉಟ್ಟು ನಮ್ಮ ಹಾಗೆ ಮಾತಾಡೋವನೂ ಆಗಬಹುದು ಅಂತ ಬಂಗಾಳಿಗಳಿಗೆ ತೋರಿಸಿಕೊಟ್ಟರು. ಪತ್ತೇದಾರಿ ಕಥೆಯಲ್ಲಿ ಪತ್ತೇದಾರ ಅಂದ್ರೆ ಯಾರು? ಆ ಕೋಣೆಯಲ್ಲಿ ಇರೋರಲ್ಲೆಲ್ಲ ಹೆಚ್ಚು ತಲೆ ಇರೋವ. ಜಮೀನುದಾರ, ವಕೀಲ, ಇನ್ಸ್‌ಪೆಕ್ಟರ್, ಎಲ್ಲರೂ ಅವನ ಮಾತಿಗೆ ಕಾಯ್ತಾ ನಿಲ್ತಾರೆ.

ಆ ಜಾಗದಲ್ಲಿ ನಿಂತು ಯಾರಾದ್ರೂ “ಹ್ಯಾಂಗಂದ್ರ ಕೇಳ್ರಿಲ್ಲೆ” ಅಂದದ್ದನ್ನ ಕನ್ನಡ ಟಿವಿಯಲ್ಲಿ ನಾನು ನೋಡಿಲ್ಲ.

ನಮ್ಮ ಭಾಷೆ ಟಿವಿಯಲ್ಲಿ ಇಲ್ಲವೇ ಇಲ್ಲ ಅಂತಲ್ಲ. ಇದೆ. ವಾಚ್‌ಮನ್ ಮಾತಾಡ್ತಾನೆ. ಅಡಿಗೆಯವ ಮಾತಾಡ್ತಾನೆ. ಬೆಂಗಳೂರಿಗೆ ಬಂದು ಲಿಫ್ಟ್ ನೋಡಿ ಗಾಬರಿ ಬೀಳೋವ ಮಾತಾಡ್ತಾನೆ, ಹಿಂದೆ ‘ಟೊಂಯ್’ ಅಂತ ಮ್ಯೂಸಿಕ್. ಅದೂ ನಮ್ಮ ಭಾಷೆ ಅಲ್ಲ, ಧಾರವಾಡದ್ದಕ್ಕೆ ಇನ್ನೆಲ್ಲಿಂದಲೋ ‘ಐತಿ’ ‘ಅದ’ ಕಲಸಿ ಮಾಡಿದ ಚಿತ್ರಾನ್ನ. ಮೊದಲೆಲ್ಲ ನಾನೂ ನಗ್ತಿದ್ದೆ. ಈಗ ಅಳಿಯ ಬೆಂಗಳೂರಲ್ಲಿ ಇಂಟರ್ವ್ಯೂಗೆ ಹೋಗೋ ಮುಂಚೆ ಕನ್ನಡಿ ಮುಂದೆ ನಿಂತು “ಬರ್ತಾ ಇದ್ದೀನಿ, ಹೋಗ್ತಾ ಇದ್ದೀನಿ” ಅಂತ ಪ್ರಾಕ್ಟೀಸ್ ಮಾಡೋದು ನೋಡಿದ ಮೇಲೆ ನಗು ಬರಲ್ಲ. ಇಂಟರ್ವ್ಯೂ ಇಂಗ್ಲಿಷಲ್ಲೇ ಇರುತ್ತೆ. ಆದ್ರೂ ಬಾಗಿಲಲ್ಲಿ ಸೆಕ್ಯೂರಿಟಿಯವನ ಜತೆ ಕನ್ನಡ ಆಡುವಾಗ ನಗ್ತಾರೇನೋ ಅಂತ ಅವನಿಗೆ ಹೆದರಿಕೆ. ಬುದ್ಧಿಗೂ ಉಚ್ಚಾರಕ್ಕೂ ಗಂಟು ಹಾಕಿದ್ದು ಯಾರು? ಇದಕ್ಕೆ ಪತ್ತೇದಾರ ಬೇಡ, ದಿನಾ ರಾತ್ರಿ ಮನೆಮನೆಯಲ್ಲಿ ನಡೀತಾ ಇದೆ.

ಪುಸ್ತಕದಲ್ಲಿ ನಮಗೆ ಪತ್ತೇದಾರರ ಬರ ಇರಲಿಲ್ಲ. ಐನೂರಕ್ಕೂ ಹೆಚ್ಚು ಪತ್ತೇದಾರಿ ಕಾದಂಬರಿ ಬರೆದ ಎನ್. ನರಸಿಂಹಯ್ಯನವರ ಪುರುಷೋತ್ತಮ ಬಸ್‌ಸ್ಟ್ಯಾಂಡ್ ಅಂಗಡಿಗಳಲ್ಲಿ ತೂಗಾಡ್ತಿದ್ದ. ಕನ್ನಡ ಬಾವುಟ ಕೊಟ್ಟ ಮ. ರಾಮಮೂರ್ತಿಯವರೇ ಪತ್ತೇದಾರಿ ಕಾದಂಬರಿ ಬರೀತಿದ್ದರು ಅನ್ನೋದು ಪ್ರತಿ ನವೆಂಬರ್‌ನಲ್ಲಿ ಬಾವುಟ ಹಾರಿಸೋ ಎಷ್ಟು ಜನಕ್ಕೆ ಗೊತ್ತು? ಆದ್ರೆ ಅವರೆಲ್ಲ ಆಡೋದು ಪುಸ್ತಕದ ಕನ್ನಡ. ಓದುವಾಗ ನಮ್ಮ ನಾಲಿಗೆಗೆ ನಾವೇ ತಿರುಗಿಸ್ಕೋಬಹುದು. ಟಿವಿಯಲ್ಲಿ ಹಾಗಾಗಲ್ಲ, ಕಿವಿಗೆ ಕೇಳಿದ್ದೇ ಕೇಳಿದ್ದು.

ಇದನ್ನೆಲ್ಲ ನಾನು ಸ್ವಲ್ಪ ಜೋರಾಗೇ ಹೇಳಿದೆ ಅಂತ ಕಾಣುತ್ತೆ. ಬ್ಯಾಂಕ್ ದೋಸ್ತ್ ಸಮಾಧಾನವಾಗಿ ಕೇಳಿದರು, “ಬೆಂಗಳೂರು ಮೈಸೂರಿನವರಿಗೆ ಅರ್ಥ ಆಗ್ಬೇಕಲ್ಲ?” ನಾನಂದೆ, ನಿಮ್ಮ ಗುಡ್ಡದ ಭೂತ ನಮಗೆ ಅರ್ಥ ಆಗಿತ್ತಾ? ಅವರು ನಕ್ಕುಬಿಟ್ಟರು. ಅಲ್ಲಿಂದ ಕೂಟದ ದಿಕ್ಕೇ ಬದಲಾಯ್ತು. ನೋಡೋದು ಬಿಟ್ಟು ಕಟ್ಟಲಿಕ್ಕೆ ಶುರು ಮಾಡಿದ್ವಿ. ಕಲಬುರಗಿಯಲ್ಲಿ ಒಂದು ಪತ್ತೇದಾರಿ ಕಥೆ ನಡೆದ್ರೆ ಹೇಗಿರುತ್ತೆ?

ಜಾಗಕ್ಕೇನು ಕಡಿಮೆ. ಕೋಟೆಯೊಳಗೆ ಜಾಮಿ ಮಸೀದಿ ಇದೆ, 1367ರದ್ದು, ನಡುವೆ ಬಯಲು ಅಂಗಳವೇ ಇಲ್ಲದೆ ಪೂರ್ತಿ ಮೇಲ್ಛಾವಣಿ ಇರೋದು. ಕಮಾನಿನ ಹಿಂದೆ ಕಮಾನು, ಒಬ್ಬ ಮನುಷ್ಯ ಕಣ್ಮುಂದೆಯೇ ಕಳೆದುಹೋಗಬಹುದು. ಹಫ್ತ್ ಗುಂಬಜ್ ಇದೆ. ತೊಗರಿ ಬೇಳೆ ಮಿಲ್ಲುಗಳಿವೆ, ತೂಕದಲ್ಲಿ ಮೋಸ ಮಾಡಿದವನಿಗೆ ಊರು ತುಂಬ ವೈರಿಗಳು, ಅಂದ್ರೆ ಸಂಶಯಕ್ಕೆ ಬೇಕಾದಷ್ಟು ಜನ. ಶಹಾಬಾದ ಕಲ್ಲಿನ ಖಣಿಗಳಿವೆ, ನೀರು ತುಂಬಿದ್ರೆ ಆಳ ಯಾರಿಗೂ ಗೊತ್ತಿಲ್ಲ. ಕಮಲಾಪುರದ ಬಾಳೆ ತೋಟ ಬೇಕೇ ಬೇಕು ಅಂತ ನಾನು ಹಟ ಹಿಡಿದೆ. ಸುತ್ತ ಒಣ ಭೂಮಿ, ನಡುವೆ ಮಬ್ಬುಗತ್ತಲೆಯ ತೋಟ, ಗಾಳಿ ಬಂದ್ರೆ ಎಲೆ ಪರಪರ, ಹೆಜ್ಜೆ ಸಪ್ಪಳ ಕೇಳಲ್ಲ.

ಅಳಿಯ ಒಂದು ಒಳ್ಳೆ ಮಾತು ಹೇಳಿದ. “ಮಾಮಾ, ಎಲ್ಲಾ ಸಿನಿಮಾದಾಗ ಖೂನ್ ರಾತ್ರಿನೇ ಆಗ್ತಾವ. ನಮ್ಮ ಊರಾಗ ರಾತ್ರಿ ಹನ್ನೆರಡರ ತನಕ ಮಂದಿ ಹೊರಗ ಕೂತಿರ್ತಾರ, ಸೆಕಿ. ಮೇ ತಿಂಗಳು ಮಧ್ಯಾಹ್ನ ಎರಡಕ್ಕ ನೋಡ್ರಿ, ಒಂದು ನಾಯಿ ಸೈತ ಇರಂಗಿಲ್ಲ.” ಎಷ್ಟು ನಿಜ! ನಮ್ಮಲ್ಲಿ ಕತ್ತಲೆಯ ಕೆಲಸವನ್ನ ಬಿಸಿಲು ಮಾಡುತ್ತೆ. ನಲವತ್ತಮೂರು ಡಿಗ್ರಿಯಲ್ಲಿ ಕಿಟಕಿ ಬಾಗಿಲು ಎಲ್ಲ ಬಂದ್, ಕೂಲರ್ ಸದ್ದಿಗೆ ಹೊರಗೆ ಬಾಂಬ್ ಬಿದ್ರೂ ಕೇಳಲ್ಲ. ಮೇಲಾಗಿ ಏಪ್ರಿಲ್, ಮೇ ಎರಡು ತಿಂಗಳು ನಮ್ಮ ವಿಭಾಗದ ಸರ್ಕಾರಿ ಕಚೇರಿಗಳ ವೇಳೆ ಬದಲಾಗುತ್ತೆ, ಬೆಳಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆ. ಬೆಂಗಳೂರಿನಿಂದ ಬಂದ ತನಿಖಾಧಿಕಾರಿಗೆ ಒಬ್ಬ ಗುಮಾಸ್ತ, “ಮೂರು ಗಂಟೆಗೆ ಆಫೀಸಿನಲ್ಲಿದ್ದೆ ಸರ್” ಅಂತ ಹೇಳ್ತಾನೆ. ಅವರು ಬರ್ಕೊಂಡು ಸುಮ್ಮನಾಗ್ತಾರೆ. ನಮ್ಮೂರ ಪೇದೆ ಹಿಂದೆ ನಿಂತವ ಕೆಮ್ಮುತ್ತಾನೆ.

ಆದ್ರೆ ಎಲ್ಲಕ್ಕಿಂತ ಭರ್ಜರಿ ಸುಳಿವು ಕೊಟ್ಟದ್ದು ಟೈಪಿಂಗ್ ದೋಸ್ತ್. ನಾನಾಗಿದ್ರೆ ಸಾವಿರ ವರ್ಷ ಆದ್ರೂ ಹೊಳೀತಿರಲಿಲ್ಲ. ದಖನಿಯಲ್ಲಿ ‘ಪರಸೋಂ’ ಅನ್ನೋ ಪದ ಇದೆ. ಹಿಂದಿ ಪುಸ್ತಕದ ಪ್ರಕಾರ ಮೊನ್ನೆ ಅಥವಾ ನಾಡಿದ್ದು. ನಮ್ಮ ಕಡೆ, ಹೈದರಾಬಾದ್ ಕಡೆ, ಪರಸೋಂ ಅಂದ್ರೆ ಮೊನ್ನೆಯೂ ಆಗಬಹುದು, ಹೋದ ವಾರವೂ ಆಗಬಹುದು, ಹೋದ ಈದ್ ಆದ ಮೇಲೆ ಯಾವತ್ತೋ ಒಂದಿನವೂ ಆಗಬಹುದು. ಒಬ್ಬಾಕೆ ಮುದುಕಿ ಸಾಕ್ಷಿ, “ಪರಸೋಂ ದೇಖಿ ಥೀ ಉಸಕೋ” ಅಂತಾಳೆ. ಹೊರಗಿನ ಅಧಿಕಾರಿ ಅದನ್ನ ‘ಮೊನ್ನೆ, ಮಂಗಳವಾರ’ ಅಂತ ಬರ್ಸಿಬಿಡ್ತಾರೆ. ಆ ಒಂದು ಪದದ ಮೇಲೆ ಒಬ್ಬ ನಿರಪರಾಧಿ ಒಳಗೆ ಹೋಗ್ತಾನೆ. ಬಿಡಿಸೋವ ಯಾರು? ಮನೆಯಲ್ಲಿ ಕನ್ನಡ, ಓಣಿಯಲ್ಲಿ ದಖನಿ ಆಡಿ ಬೆಳೆದವ. ಅವನಿಗೆ ಭೂತಗನ್ನಡಿ ಬೇಡ, ಡಿಎನ್‌ಎ ಬೇಡ. ಮುದುಕಿ ಹತ್ತಿರ ಕೂತು, ಅಮ್ಮಾ, ಪರಸೋಂ ಅಂದ್ರ ಯಾವ ಪರಸೋಂ, ಅಂತ ಕೇಳಿದ್ರೆ ಸಾಕು.

ನಾನು ಹೇಳ್ತಿರೋದು ಇದನ್ನೇ. ನಮ್ಮ ಪತ್ತೇದಾರ ನಮ್ಮ ಭಾಷೆ ಆಡಬೇಕು ಅನ್ನೋದು ಬರೀ ಅಭಿಮಾನಕ್ಕಲ್ಲ, ಆ ಭಾಷೆ ಇಲ್ಲದಿದ್ರೆ ಈ ಕೇಸು ಬಿಡಿಸಲಿಕ್ಕೇ ಆಗಲ್ಲ. ಗುಡ್ಡದ ಭೂತಕ್ಕೆ ತುಳುನಾಡು ಹೇಗೆ ಬರೀ ಸೀನರಿ ಅಲ್ಲವೋ ಹಾಗೆ. ಊರನ್ನ ತೆಗೆದು ಬೇರೆ ಕಡೆ ಇಟ್ರೆ ಕಥೆ ನಿಲ್ಲಬಾರದು. ಕಾಡು, ಮಂಜು, ಒಂಟಿ ಬಂಗಲೆ ಇಟ್ಟು ಯಾವ ಊರಲ್ಲಾದರೂ ನಡೆಯೋ ಪತ್ತೇದಾರಿಗಳನ್ನ ಒಮ್ಮೆ ನೋಡ್ತೀನಿ, ಎರಡನೇ ಸಲ ನಿದ್ದೆ ಬರುತ್ತೆ.

ಬ್ಯಾಂಕ್ ದೋಸ್ತ್‌ಗೆ ಇನ್ನೂ ಪೂರ್ತಿ ಒಪ್ಪಿಗೆ ಇಲ್ಲ. ಭಾಷೆ ಸರಿ, ಜಾಗ ಸರಿ, ಆದ್ರೆ ಹದಿಮೂರು ಕಂತಿಗೆ ಇವತ್ತು ಯಾವ ಚಾನೆಲ್ ದುಡ್ಡು ಹಾಕುತ್ತೆ ಅಂತ ಕೇಳ್ತಾರೆ. ಬ್ಯಾಂಕಿನವರಲ್ಲವಾ. ನನ್ನ ಹತ್ತಿರ ಉತ್ತರ ಇಲ್ಲ. 1975ರಲ್ಲಿ ನಮ್ಮ ಹಳ್ಳಿಗೆ ಆಕಾಶದಿಂದ ಕನ್ನಡ ಕಾರ್ಯಕ್ರಮ ಇಳಿಸಿದ್ದೂ ಲಾಭಕ್ಕಲ್ಲ ಅಂತ ಮಾತ್ರ ಹೇಳಬಲ್ಲೆ. ಅಳಿಯ ಯೂಟ್ಯೂಬಲ್ಲಿ ಹತ್ತು ಹತ್ತು ನಿಮಿಷದ್ದು ಮಾಡೋಣ ಅಂತಾನೆ, ಕ್ಯಾಮೆರಾ ಇರೋ ಗೆಳೆಯರಿದ್ದಾರಂತೆ. ಟೈಪಿಂಗ್ ದೋಸ್ತ್ ಮೊದಲ ಕಂತಿನ ಎಫ್‌ಐಆರ್ ಈಗಾಗಲೇ ಬಡಿದು ತಂದಿದ್ದಾನೆ, ಮೂರು ಕಾಪಿ, ಕಲಂ ಸಮೇತ.

ಕಥೆಯನ್ನ ಅವ್ವನಿಗೆ ಹೇಳಲಿಕ್ಕೆ ಹೋದ ಭಾನುವಾರ ಎಲ್ಲರೂ ಕಮಲಾಪುರಕ್ಕೆ ಹೋಗಿದ್ವಿ. ಜೋಳದ ರೊಟ್ಟಿ ಬಡೀತಾ ಪೂರ್ತಿ ಕೇಳಿದಳು. ಪರಸೋಂ ವಿಷಯಕ್ಕೆ ನಕ್ಕಳು, ಬಿಸಿಲಿನ ಖೂನಿಗೆ ಹೂಂ ಅಂದಳು. ಆಮೇಲೆ 

“ಎಲ್ಲಾ ಖರೇ ಅದ. ಆದ್ರ ಆ ಹಿಡಿಯಾಂವ ನಮ್ಮ ಊರಾಂವ ಅಂದ್ರ, ಎಲ್ಲಾರೂ ಅವಂಗ ಬೀಗ್ರೇ ಆಗ್ತಾರಲ್ಲೋ? ಕಾಕಾನ ಮನ್ಯಾಗ ಚಾ ಕುಡದು ಕಾಕಾಗ ಬೇಡಿ ಹ್ಯಾಂಗ ಹಾಕ್ತಾನ?”

ನಾಲ್ಕೂ ಜನ ಮುಖ ಮುಖ ನೋಡ್ಕೊಂಡ್ವಿ. ಬ್ಯೋಮಕೇಶನಿಗೆ ಈ ತೊಂದರೆ ಇರಲಿಲ್ಲ, ಕಲ್ಕತ್ತಾ ದೊಡ್ಡ ಊರು. ವಾಪಸ್ ಬರುವಾಗ ಮಹಾಗಾಂವ ಕ್ರಾಸ್ ದಾಟೋ ತನಕ ಕಾರಿನಲ್ಲಿ ಯಾರೂ ಮಾತಾಡಲಿಲ್ಲ, ಆಮೇಲೆ ಎಲ್ಲರೂ ಒಟ್ಟಿಗೇ ಶುರು ಮಾಡಿದ್ವಿ. ಅಳಿಯ ಪತ್ತೇದಾರನ್ನ ಅನಾಥ ಮಾಡೋಣ ಅಂತಾನೆ. ನಾನು ಬೇಡ ಅಂತೀನಿ, ಆ ಕಾಕಾನ ಮನೆ ಚಾ ಇರಲೇಬೇಕು. ಮುಂದಿನ ಶನಿವಾರಕ್ಕೆ ಅದೇ ವಿಷಯ.